ಮದರ್‌ಬೋರ್ಡ್, ರ್‍ಯಾಮ್, ಗ್ರಾಫಿಕ್ಸ್ ಕಾರ್ಡ್ ಪಾರ್ಸೆಲ್ ಮಾಡುವಾಗ: ಯಾವ ಕವರ್, ಯಾವ ಫೋಮ್, ಯಾವ ಡಬ್ಬ?

ವಾರಂಟಿ ಇರುವ ಗ್ರಾಫಿಕ್ಸ್ ಕಾರ್ಡ್ ಕೈಕೊಟ್ಟಿದೆ, ಬೆಂಗಳೂರಿನ ಸರ್ವಿಸ್ ಸೆಂಟರಿಗೆ ಕಳಿಸಬೇಕು. ಅಥವಾ ಹಳೆಯ ರ್‍ಯಾಮ್ ಮಾರಿದ್ದೀರಿ, ಕೊಂಡವರು ಬೀದರಿನಲ್ಲಿದ್ದಾರೆ. ಅದು ಬಂದಿದ್ದ ಡಬ್ಬ, ಒಳಗಿನ ಕವರ್, ಫೋಮ್ ಎಲ್ಲ ಅಟ್ಟದ ಮೇಲೆ ಇನ್ನೂ ಇದ್ದರೆ ಅದರಲ್ಲೇ ಹಾಕಿ, ಆ ಡಬ್ಬವನ್ನು ಇನ್ನೊಂದು ಗಟ್ಟಿ ಡಬ್ಬದೊಳಗಿಟ್ಟು ಕಳಿಸಿ. ಮನೆಯಲ್ಲಿ ಅದಕ್ಕಿಂತ ಒಳ್ಳೆಯ ಪ್ಯಾಕಿಂಗ್ ಆಗುವುದಿಲ್ಲ. ಡಬ್ಬವನ್ನು ಹಳೇ ಪೇಪರಿನವರಿಗೆ ಹಾಕಿಬಿಟ್ಟವರಿಗೆ ಈ ಹೋಲಿಕೆ.

ಪಾರ್ಸೆಲ್‌ನಲ್ಲಿ ಇಂಥ ಭಾಗಗಳು ಕೆಡುವುದಕ್ಕೆ ಕಾರಣ ಎರಡು: ಉಜ್ಜಿದಾಗ ಹುಟ್ಟುವ ಸ್ಥಿರ ವಿದ್ಯುತ್ತಿನ (ಸ್ಟ್ಯಾಟಿಕ್) ಕಿಡಿ ಮತ್ತು ಏಟು. ಕಿಡಿಗೆ ಕವರ್, ಏಟಿಗೆ ಫೋಮ್ ಮತ್ತು ಡಬ್ಬ. ಒಂದರ ಕೆಲಸ ಇನ್ನೊಂದಕ್ಕೆ ಬರುವುದಿಲ್ಲ. ಬೆಳ್ಳಿ ಬಣ್ಣದ ಕವರಿಗೆ ಹಾಕಿದ ಹಾರ್ಡ್ ಡಿಸ್ಕ್ ಕೆಳಗೆ ಬಿದ್ದರೆ ಸಾಯುತ್ತದೆ. ಮೂರು ಸುತ್ತು ಬಬಲ್ ರ್‍ಯಾಪ್ ನೇರವಾಗಿ ಸುತ್ತಿಸಿಕೊಂಡ ರ್‍ಯಾಮ್ ಬೀಳದೆಯೂ ಸಾಯಬಹುದು. ಎಡವಟ್ಟುಗಳಲ್ಲಿ ಹೆಚ್ಚಿನವು ಈ ಎರಡನ್ನು ಒಂದೇ ಎಂದು ತಿಳಿಯುವುದರಿಂದಲೇ ಹುಟ್ಟುತ್ತವೆ.

ಕಿಡಿ ಎಷ್ಟು ದೊಡ್ಡದು?

ಪ್ಲಾಸ್ಟಿಕ್ ಕುರ್ಚಿಯಿಂದ ಎದ್ದು ಬಾಗಿಲ ಚಿಲಕ ಮುಟ್ಟಿದಾಗ ಬೆರಳಿಗೆ ಚುರ್ ಎನ್ನುತ್ತದಲ್ಲ, ಅದು ಸುಮಾರು 3,000 ವೋಲ್ಟ್. ಅದಕ್ಕಿಂತ ಕಡಿಮೆಯದು ನಮ್ಮ ಚರ್ಮಕ್ಕೆ ಗೊತ್ತೇ ಆಗುವುದಿಲ್ಲ. ಆದರೆ ಕೆಲವು ಚಿಪ್‌ಗಳಿಗೆ 100 ವೋಲ್ಟ್ ಕೂಡ ಹೆಚ್ಚಾಯಿತು. ಎಂದರೆ ಕೆಡಿಸಿದವರಿಗೆ ಕೆಡಿಸಿದ್ದು ತಿಳಿಯುವುದಿಲ್ಲ. ಎಷ್ಟೋ ಸಲ ಭಾಗ ಪೂರ್ತಿ ಸಾಯುವುದೂ ಇಲ್ಲ. ಒಳಗೆ ಅರ್ಧ ಸುಟ್ಟು, ಊರು ಸೇರಿ, ಒಂದು ತಿಂಗಳು ಓಡಿ ಆಮೇಲೆ ನಿಲ್ಲುತ್ತದೆ. ಆಗ ಯಾರನ್ನು ಕೇಳುವುದು?

ಗಾಳಿಯ ತೇವದ ಮೇಲೆ ಲೆಕ್ಕ ಪೂರಾ ಬದಲಾಗುತ್ತದೆ. ಮೇಜಿನ ಮೇಲಿಂದ ಸಾದಾ ಪ್ಲಾಸ್ಟಿಕ್ ಕವರನ್ನು ಎತ್ತಿದರೆ, ತೇವಾಂಶ ಶೇ. 65ಕ್ಕಿಂತ ಮೇಲಿದ್ದಾಗ ಸುಮಾರು 1,200 ವೋಲ್ಟ್ ಹುಟ್ಟಬಹುದು. ಶೇ. 25ಕ್ಕಿಂತ ಕೆಳಗಿಳಿದಾಗ ಅದೇ ಕವರ್, ಅದೇ ಕೈ, 20,000 ವೋಲ್ಟ್. ಜುಲೈನಲ್ಲಿ ಮಂಗಳೂರಿನಲ್ಲಿ ಏನೂ ಆಗದ ಕೆಲಸ ಮಾರ್ಚ್ ಮಧ್ಯಾಹ್ನ ರಾಯಚೂರಿನಲ್ಲಿ, ಅಥವಾ ಎಲ್ಲಿಯಾದರೂ ದಿನವಿಡೀ ಎಸಿ ಓಡುವ ಕೋಣೆಯಲ್ಲಿ, ಎಡವಟ್ಟಾಗುವುದು ಇದರಿಂದ. ಪಾರ್ಸೆಲ್ ಎರಡೂ ಕಡೆ ಹಾದುಹೋಗುತ್ತದೆ ಎಂಬುದನ್ನು ಮರೆಯಬಾರದು.

ಕವರ್‌ಗಳು

ಅಂಗಡಿಯಲ್ಲಿ ‘ಆಂಟಿಸ್ಟ್ಯಾಟಿಕ್ ಕವರ್ ಕೊಡಿ’ ಎಂದರೆ ನಾಲ್ಕು ಬೇರೆ ಬೇರೆ ವಸ್ತುಗಳಲ್ಲಿ ಯಾವುದನ್ನಾದರೂ ಕೊಡಬಹುದು. ಬೆಂಗಳೂರಿನ ಎಸ್‌ಪಿ ರಸ್ತೆಯಲ್ಲೂ ಆನ್‌ಲೈನ್‌ನಲ್ಲೂ ಅಷ್ಟೇ. ಹೆಸರಿಗಿಂತ ಕೆಲಸ ನೋಡಿ ಕೇಳಬೇಕು.

ಗುಲಾಬಿ ಕವರ್ ಎಲ್ಲಕ್ಕಿಂತ ಅಗ್ಗ. ಸಾದಾ ಪಾಲಿಥೀನಿಗೆ ಒಂದು ರಾಸಾಯನಿಕ ಬೆರೆಸಿರುತ್ತಾರೆ. ಅದು ಗಾಳಿಯ ತೇವವನ್ನು ಎಳೆದುಕೊಂಡು ಕವರಿನ ಮೈಮೇಲೆ ತೆಳುವಾದ ಪದರ ಕಟ್ಟುತ್ತದೆ. ಆ ಪದರದಿಂದಾಗಿ ಉಜ್ಜಿದರೆ ವಿದ್ಯುತ್ ಹುಟ್ಟುವುದು ಕಡಿಮೆ, ಹುಟ್ಟಿದ್ದೂ ನಿಧಾನವಾಗಿ ಹರಿದುಹೋಗುತ್ತದೆ. ಆದರೆ ಹೊರಗಿನಿಂದ ಬರುವ ಕಿಡಿಯನ್ನು ಇದು ತಡೆಯುವುದಿಲ್ಲ. ಕವರಿನ ಮೇಲೆ ಯಾರದೋ ಬೆರಳಿನಿಂದ ಕಿಡಿ ಹಾರಿದರೆ ಒಳಗಿನ ಚಿಪ್‌ಗೆ ನೇರ ತಾಗಿದ ಹಾಗೆಯೇ. ಒಣ ಹವೆಯಲ್ಲಿ ಪದರ ಸೊರಗುತ್ತದೆ, ಒಂದೆರಡು ವರ್ಷ ಇಟ್ಟರೆ ರಾಸಾಯನಿಕ ಆರಿಯೂ ಹೋಗುತ್ತದೆ. ಬಣ್ಣ ಮಾತ್ರ ಹಾಗೇ ಉಳಿದು ನಂಬಿಸುತ್ತದೆ. ಸ್ಕ್ರೂ, ಕೇಬಲ್, ಬ್ರ್ಯಾಕೆಟ್ ಹಾಕಿ ಬೋರ್ಡಿನ ಜೊತೆಯಲ್ಲಿಡಲು ಇದು ಸರಿ. ಬೋರ್ಡಿಗೆ ಇದೊಂದನ್ನೇ ನೆಚ್ಚಿಕೊಳ್ಳಬೇಡಿ.

ಬೆಳ್ಳಿ ಬಣ್ಣದ, ಒಳಗಿನದು ಮಸುಕಾಗಿ ಕಾಣುವ ಕವರ್ ಶೀಲ್ಡಿಂಗ್ ಬ್ಯಾಗ್. ಹೊರಗೆ ಪಾಲಿಯೆಸ್ಟರ್, ನಡುವೆ ಅತಿ ತೆಳುವಾದ ಅಲ್ಯೂಮಿನಿಯಂ, ಒಳಗೆ ಗುಲಾಬಿ ಕವರಿನ ಜಾತಿಯದೇ ಪಾಲಿಥೀನ್. ಭಾಗಕ್ಕೆ ತಾಗುವ ಪದರ ವಿದ್ಯುತ್ ಹುಟ್ಟಿಸುವುದಿಲ್ಲ. ಲೋಹದ ಪದರ ಸುತ್ತಲೂ ಪಂಜರದಂತೆ ನಿಂತು ಹೊರಗಿನ ಕಿಡಿಯನ್ನು ಮೈಮೇಲೇ ಹರಡಿಕೊಳ್ಳುತ್ತದೆ. ಆನ್ಸಿ ಎಂಬ ಅಮೆರಿಕದ ಸಂಸ್ಥೆಯ ಈಗಿನ ಪ್ಯಾಕೇಜಿಂಗ್ ಮಾನದಂಡದ ಪ್ರಕಾರ ಕವರಿನ ಮೇಲೆ 1,000 ವೋಲ್ಟ್ ಬಿಟ್ಟಾಗ ಒಳಗೆ ಇಳಿಯುವ ಶಕ್ತಿ 20 ನ್ಯಾನೋಜೂಲ್‌ಗಿಂತ ಕಡಿಮೆ ಇರಬೇಕು. ಮನೆಯಿಂದ ಕಳಿಸುವವರು ಇದನ್ನೇ ತೆಗೆದುಕೊಳ್ಳಿ. ಉಳಿದ ಬಗೆಗಳು ವಿಶೇಷ ಸಂದರ್ಭಕ್ಕೆ.

ಇದರಲ್ಲೂ ಒಂದು ಷರತ್ತಿದೆ. ಬಾಯಿ ತೆರೆದ ಪಂಜರ ಪಂಜರವಲ್ಲ. ಬೋರ್ಡಿನ ಒಂದು ಮೂಲೆ ಹೊರಗೆ ಇಣುಕುತ್ತಿದ್ದರೆ ಅಷ್ಟು ದುಡ್ಡು ಕೊಟ್ಟದ್ದು ದಂಡ. ಬಾಯಿಯನ್ನು ಎರಡು ಸಲ ಮಡಿಸಿ ಲೇಬಲ್ ಅಂಟಿಸುವಷ್ಟು ಉದ್ದ, ಕಡೇಪಕ್ಷ 5 ಸೆಂ.ಮೀ., ಹೆಚ್ಚಿಗೆ ಇರಬೇಕು. ಹಳೆಯ ಕವರನ್ನು ಮತ್ತೆ ಬಳಸಬಹುದು, ಆದರೆ ದೀಪಕ್ಕೆ ಹಿಡಿದು ನೋಡಿ: ಸೂಜಿತೂತು ಹೊಳೆದರೆ, ಮಡಿಕೆಗಳಲ್ಲಿ ಬೆಳ್ಳಿ ಉದುರಿ ಬಿಳಿ ಗೆರೆ ಬಿದ್ದಿದ್ದರೆ ಅದನ್ನು ಸ್ಕ್ರೂ ಹಾಕಲು ಇಟ್ಟುಕೊಳ್ಳಿ.

ದಪ್ಪನೆಯ, ಒಳಗಿನದು ಏನೂ ಕಾಣದ ಬೆಳ್ಳಿ ಕವರ್ ಬೇರೆ: ಅದು ತೇವ ತಡೆಯುವ ಬ್ಯಾಗ್. ಕಾರ್ಖಾನೆಯಲ್ಲಿ ಹೊಸ ಚಿಪ್‌ಗಳನ್ನು ಬೋರ್ಡಿಗೆ ಬೆಸೆಯುವ ಮೊದಲು ಒಣಗಿದಂತೆ ಇಡಲು ಅದು ಬೇಕು. ತೇವ ಕುಡಿದ ಚಿಪ್ಪನ್ನು ಬೆಸುಗೆಯ ಒಲೆಗೆ ಹಾಕಿದರೆ ಒಳಗಿನ ನೀರು ಆವಿಯಾಗಿ ಮೈ ಸೀಳುತ್ತದೆ. ಬೆಸೆದು ಮುಗಿದ ಮದರ್‌ಬೋರ್ಡಿಗೆ ಈ ಭಯವಿಲ್ಲ. ಬಾಯಿಯನ್ನು ಬಿಸಿ ಸೀಲ್ ಮಾಡದಿದ್ದರೆ ತೇವವನ್ನೂ ತಡೆಯದು. ದುಬಾರಿ ಎಂದ ಮಾತ್ರಕ್ಕೆ ಕೊಳ್ಳಬೇಡಿ.

ಕಪ್ಪು ಕವರ್ ಮತ್ತು ಕಪ್ಪು ಫೋಮಿನಲ್ಲಿ ಇಂಗಾಲ ಬೆರೆಸಿರುತ್ತಾರೆ, ವಿದ್ಯುತ್ತು ಸಲೀಸಾಗಿ ಹರಿಯುತ್ತದೆ. ಬಿಡಿ ಐಸಿಗಳ (ಚಿಪ್‌ಗಳ) ಕಾಲುಗಳನ್ನು ಚುಚ್ಚಿಡಲು ಕಪ್ಪು ಫೋಮಿನಷ್ಟು ಒಳ್ಳೆಯದು ಇನ್ನೊಂದಿಲ್ಲ. ಎಲ್ಲ ಕಾಲುಗಳೂ ಒಂದೇ ವೋಲ್ಟೇಜ್ ಮಟ್ಟದಲ್ಲಿರುತ್ತವೆ, ಕಿಡಿಗೆ ಅವಕಾಶವೇ ಇಲ್ಲ. ಆದರೆ ಬ್ಯಾಟರಿ ಇರುವ ಬೋರ್ಡಿಗೆ ಬೇಡ. ಮದರ್‌ಬೋರ್ಡಿನ ನಾಣ್ಯದಂಥ ಸಿಆರ್2032 ಸೆಲ್ 3 ವೋಲ್ಟಿನದು, ಸುಮಾರು 220 ಮಿಲಿಆಂಪ್-ಅವರ್. ಕಪ್ಪು ಕವರಿನ ಮೂಲಕ 10 ಸಾವಿರ ಓಮ್‌ನ ದಾರಿ ಸಿಕ್ಕಿದರೂ 0.3 ಮಿಲಿಆಂಪ್ ಸೋರುತ್ತದೆ. ಸುಮಾರು ಒಂದು ತಿಂಗಳಿಗೆ ಸೆಲ್ ಖಾಲಿ. ಅನಿವಾರ್ಯವಾದರೆ ಸೆಲ್ ತೆಗೆದು ಬೇರೆ ಹಾಕಿ.

ಇನ್ನು ಅಡುಗೆಮನೆಯ ಉಪಾಯಗಳು. ಚಪಾತಿ ಸುತ್ತುವ ಫಾಯಿಲ್ ಹೊರಗಿನ ಕಿಡಿಯನ್ನು ಶೀಲ್ಡಿಂಗ್ ಬ್ಯಾಗಿನಷ್ಟೇ ಚೆನ್ನಾಗಿ ತಡೆಯುತ್ತದೆ. ತೊಂದರೆ ಬೇರೆಯದು: ಬೋರ್ಡಿಗೆ ನೇರವಾಗಿ ಸುತ್ತಿದರೆ ಸೆಲ್ ಶಾರ್ಟ್ ಆಗುತ್ತದೆ, ಬೆಸುಗೆಯ ಮುಳ್ಳುಗಳಿಗೆ ಫಾಯಿಲ್ ಹರಿದು ಚೂರುಗಳು ಸಾಕೆಟ್‌ಗೆ ಬೀಳುತ್ತವೆ. ಶೀಲ್ಡಿಂಗ್ ಬ್ಯಾಗ್ ಎಲ್ಲೂ ಸಿಗದ ಊರಿನಲ್ಲಿದ್ದರೆ ಹೀಗೆ ಮಾಡಿ: ಮೊದಲು ಜೆರಾಕ್ಸ್ ಅಂಗಡಿಯ ಸಾದಾ ಹಾಳೆಯಲ್ಲಿ ಎರಡು ಸುತ್ತು, ಅದರ ಮೇಲೆ ಗುಲಾಬಿ ಕವರ್, ಅದರ ಮೇಲೆ ಫಾಯಿಲ್ ಎರಡು ಸುತ್ತು, ಅಂಚುಗಳನ್ನು ಒಳಕ್ಕೆ ಮಡಿಸಿ. ನುಣುಪು ಲೇಪವಿಲ್ಲದ ಕಾಗದ ಸ್ವಲ್ಪ ತೇವ ಹಿಡಿದಿಟ್ಟುಕೊಳ್ಳುವುದರಿಂದ ಉಜ್ಜಿದರೂ ಹೆಚ್ಚು ವಿದ್ಯುತ್ ಹುಟ್ಟಿಸದು. ಸುಂದರವಾಗಿ ಕಾಣುವುದಿಲ್ಲ, ಆದರೆ ಕೆಲಸ ಮಾಡುತ್ತದೆ.

ಚಿಪ್ಸ್ ಪೊಟ್ಟಣವನ್ನು ತಿರುಗಿಸಿ ಬೆಳ್ಳಿ ಕವರ್ ಮಾಡಿಕೊಳ್ಳುವ ಜಾಣರೂ ಉಂಟು. ಅದರಲ್ಲಿ ಲೋಹದ ಪದರ ಇರುವುದು ನಿಜ, ಆದರೆ ಒಳಮೈ ಅಪ್ಪಟ ಪ್ಲಾಸ್ಟಿಕ್. ಭಾಗಕ್ಕೆ ಉಜ್ಜಿ ತಾನೇ ವಿದ್ಯುತ್ ಹುಟ್ಟಿಸುತ್ತದೆ. ಉಪ್ಪು, ಎಣ್ಣೆಯ ಮಾತು ಬಿಡಿ. ಹಾಲಿನ ಕವರ್, ಜಿಪ್ ಕವರ್, ಆಹಾರ ಸುತ್ತುವ ಪಾರದರ್ಶಕ ಹಾಳೆ ಯಾವುದೂ ಭಾಗಕ್ಕೆ ನೇರ ತಾಗಬಾರದು.

ಮನೆಯ ಮಲ್ಟಿಮೀಟರಿನಲ್ಲಿ ಇವನ್ನು ಪರೀಕ್ಷಿಸಬಹುದೇ? ಅರ್ಧ ಮಾತ್ರ. ಕಪ್ಪು ಫೋಮಿನ ಎರಡು ಕಡೆ ಕಡ್ಡಿ ಒತ್ತಿದರೆ ಸಾವಿರಗಳ ಲೆಕ್ಕದ ಓಮ್ ತೋರಿಸಬೇಕು. ಏನೂ ತೋರಿಸದಿದ್ದರೆ ಅದು ಸಾಮಾನು ಪ್ಯಾಕ್ ಮಾಡುವ ಬರೀ ಕಪ್ಪು ಬಣ್ಣದ ಫೋಮ್, ದೂರ ಇಡಿ. ಮುಟ್ಟಿದರೆ ಪುಡಿಯಾಗುವ, ಅಂಟಂಟಾದ ಹಳೆಯ ಕಪ್ಪು ಫೋಮ್ ಕಾಲುಗಳಿಗೆ ತುಕ್ಕು ಹಿಡಿಸುತ್ತದೆ. ಗುಲಾಬಿ ಮತ್ತು ಬೆಳ್ಳಿ ಕವರ್‌ಗಳ ಮೈಯ ತಡೆ 10 ಸಾವಿರ ಓಮ್‌ನಿಂದ 10 ಸಾವಿರ ಕೋಟಿ ಓಮ್‌ವರೆಗೆ ಎಲ್ಲಿ ಬೇಕಾದರೂ ಇರಬಹುದು. ಅದರಲ್ಲಿ ಹೆಚ್ಚಿನ ಪಾಲು ಮನೆಯ ಮೀಟರಿಗೆ ನಿಲುಕುವುದಿಲ್ಲ. ಮೀಟರ್ ಏನೂ ತೋರಿಸಲಿಲ್ಲ ಎಂದು ಒಳ್ಳೆಯ ಕವರನ್ನು ಬಿಸಾಡಬೇಡಿ.

ಫೋಮ್, ಬಬಲ್, ಥರ್ಮೊಕೋಲ್

ಭಾಗ ಶೀಲ್ಡಿಂಗ್ ಬ್ಯಾಗಿನಲ್ಲಿ ಕುಳಿತು ಬಾಯಿ ಮುಚ್ಚಿದ ಮೇಲೆ ಹೊರಗಿನ ಬಬಲ್ ರ್‍ಯಾಪ್ ಗುಲಾಬಿಯೋ ಸಾದಾ ಪಾರದರ್ಶಕವೋ ಎಂಬುದು ದೊಡ್ಡ ಮಾತಲ್ಲ. ಗುಲಾಬಿಯದಾದರೆ ಬಿಚ್ಚುವವರಿಗೆ ಒಳ್ಳೆಯದು: ಸಾದಾ ಬಬಲ್ ಎಳೆಯುವಾಗ ಅವರ ಕೈಗೆ ಏರುವ ವಿದ್ಯುತ್ತು, ಅದೇ ಕೈ ಕವರಿನೊಳಗೆ ಹೋದಾಗ ಇಳಿಯುತ್ತದೆ. ಆಯ್ಕೆ ಇದ್ದರೆ ಗುಲಾಬಿ, ಇಲ್ಲದಿದ್ದರೆ ಚಿಂತೆ ಇಲ್ಲ.

ಬಬಲ್‌ಗಿಂತ ಇಪಿಇ ಫೋಮ್ ಹಾಳೆ ಮೇಲು. ಟಿವಿ, ಫ್ರಿಜ್ ಡಬ್ಬಗಳಲ್ಲಿ ಬರುವ ಮೆತ್ತಗಿನ ಬಿಳಿ ಹಾಳೆ ಅದೇ. ಬಬಲ್ ಭಾರಕ್ಕೆ ಒಡೆದು ಒಂದೇ ಏಟಿಗೆ ಚಪ್ಪಟೆಯಾಗುತ್ತದೆ, ಇಪಿಇ ಮತ್ತೆ ಮತ್ತೆ ಏಳುತ್ತದೆ. ಅರ್ಧ ಕಿಲೋ ಒಳಗಿನ ರ್‍ಯಾಮ್, ಎಸ್‌ಎಸ್‌ಡಿಗಳಿಗೆ ಬಬಲ್ ಸಾಕು. ಗ್ರಾಫಿಕ್ಸ್ ಕಾರ್ಡ್, ಹಾರ್ಡ್ ಡಿಸ್ಕ್, ಮದರ್‌ಬೋರ್ಡ್‌ಗಳಿಗೆ ಇಪಿಇ. ಥರ್ಮೊಕೋಲ್ ಹಾಳೆ ಗಟ್ಟಿ ಮೂಲೆಗಳಿಗೆ ಆದೀತು, ಆದರೆ ಅದು ಸ್ಟ್ಯಾಟಿಕ್‌ನ ಗಣಿ. ಕಾಳುಗಳು ಎಲ್ಲದಕ್ಕೂ ಅಂಟಿಕೊಳ್ಳುವುದನ್ನು ನೋಡಿದವರಿಗೆ ಹೇಳಬೇಕಿಲ್ಲ. ಬಳಸಲೇಬೇಕಾದರೆ ಮುಚ್ಚಿದ ಕವರಿನ ಹೊರಗೆ, ಅದೂ ಇನ್ನೊಂದು ಒಳಡಬ್ಬದ ಆಚೆಗೆ. ಥರ್ಮೊಕೋಲ್ ಕಾಳು ಸುರಿಯುವುದಂತೂ ಬೇಡ: ದಾರಿಯ ಕುಲುಕಾಟಕ್ಕೆ ಭಾರದ ಕಾರ್ಡು ಅದರೊಳಗೆ ಇಳಿದಿಳಿದು ಡಬ್ಬದ ತಳ ಸೇರುತ್ತದೆ. ಉಂಡೆ ಕಟ್ಟಿದ ಪತ್ರಿಕೆ ಅದಕ್ಕಿಂತ ಎಷ್ಟೋ ವಾಸಿ.

ಯಾವ ಭಾಗಕ್ಕೆ ಯಾವುದು

ರ್‍ಯಾಮ್ ಕಡ್ಡಿ ಸುಮಾರು 133 ಮಿ.ಮೀ. ಉದ್ದ, 31 ಮಿ.ಮೀ. ಎತ್ತರ. ಒಂದೊಂದಕ್ಕೆ ಒಂದು 4×8 ಇಂಚಿನ ಶೀಲ್ಡಿಂಗ್ ಬ್ಯಾಗ್. ಎರಡನ್ನು ಒಂದರಲ್ಲೇ ಹಾಕಿದರೆ ಒಂದರ ಚಿಪ್ಪು ಇನ್ನೊಂದರ ಅಂಚಿಗೆ ಕೆರೆಯುತ್ತದೆ. ಬ್ಯಾಗಿನ ಹೊರಗೆ ಎರಡೂ ಬದಿಗೆ ರಟ್ಟಿನ ಪಟ್ಟಿ ಕಟ್ಟಿ ಬಾಗದಂತೆ ಮಾಡಿ, ಆಮೇಲೆ ಬಬಲ್. ಬರಿಯ ಮೆತ್ತನೆ ಲಕೋಟೆಯಲ್ಲಿ ಕಳಿಸಬೇಡಿ. ಚೀಲದ ಅಡಿಯಲ್ಲಿ ಸಿಕ್ಕಿ ಬಾಗಿದ ಕಡ್ಡಿಯ ಬೆಸುಗೆ ಕಣ್ಣಿಗೆ ಕಾಣದಂತೆ ಬಿರಿದಿರುತ್ತದೆ. 22×80 ಮಿ.ಮೀ. ಎಂ.2 ಎಸ್‌ಎಸ್‌ಡಿಗೂ ಇದೇ ರೀತಿ.

ಪ್ರೊಸೆಸರ್ ವಿಷಯದಲ್ಲಿ ತಳ ನೋಡಿ ತೀರ್ಮಾನಿಸಿ. ಎಎಂಡಿಯ ಎಎಂ4 ಪ್ರೊಸೆಸರಿಗೆ ತಳದಲ್ಲಿ 1,331 ಪಿನ್‌ಗಳಿವೆ. ಇಂಟೆಲ್‌ನ ಎಲ್‌ಜಿಎ 1700, ಎಎಂಡಿಯ ಎಎಂ5 ಪ್ರೊಸೆಸರುಗಳದ್ದು ಚಪ್ಪಟೆ ತಳ. ಪಿನ್‌ಗಳು ಇರುವುದು ಮದರ್‌ಬೋರ್ಡಿನ ಸಾಕೆಟ್‌ನಲ್ಲಿ. ಎಎಂ4 ಪ್ರೊಸೆಸರನ್ನು ಬೋರ್ಡಿನ ಜೊತೆಗೇ ಕಳಿಸುವುದಾದರೆ ಕೂಲರ್ ತೆಗೆದು, ಪ್ರೊಸೆಸರನ್ನು ಸಾಕೆಟ್‌ನಲ್ಲೇ ಬೀಗ ಹಾಕಿ ಬಿಡುವುದು ಅದಕ್ಕೆ ಅತ್ಯಂತ ಸುರಕ್ಷಿತ ಜಾಗ. ಕೂಲರ್ ಕೀಳುವ ಮೊದಲು ಕಂಪ್ಯೂಟರನ್ನು ಹತ್ತು ನಿಮಿಷ ಓಡಿಸಿ ಎರಡರ ನಡುವಿನ ಪೇಸ್ಟ್ ಬಿಸಿ ಮಾಡಿ, ತಿರುಚುತ್ತ ಎತ್ತಿ. ತಣ್ಣಗಿದ್ದಾಗ ನೇರ ಎಳೆದರೆ ಪ್ರೊಸೆಸರ್ ಕೂಲರಿಗೆ ಅಂಟಿಕೊಂಡೇ ಪಿನ್ ಸಮೇತ ಕಿತ್ತು ಬರುತ್ತದೆ. ಬಿಡಿಯಾಗಿ ಕಳಿಸುವುದಾದರೆ ಚಿಪ್ಪಿನಂತೆ ಮುಚ್ಚುವ ಅದರ ಪ್ಲಾಸ್ಟಿಕ್ ಡಬ್ಬಿಗೆ ಹಾಕಿ, ಡಬ್ಬಿ ಸಮೇತ ಶೀಲ್ಡಿಂಗ್ ಬ್ಯಾಗಿಗೆ. 1,331 ಪಿನ್‌ಗಳನ್ನು ಫೋಮಿಗೆ ಒತ್ತುವ ಸಾಹಸ ಬೇಡ, ಒಂದಾದರೂ ಬಾಗುತ್ತದೆ.

ಮದರ್‌ಬೋರ್ಡಿನಿಂದ ದೊಡ್ಡ ಕೂಲರ್, ಎಂ.2 ಡ್ರೈವ್, ರ್‍ಯಾಮ್ ಎಲ್ಲ ಬಿಚ್ಚಿ. ಸಾಕೆಟ್‌ನಲ್ಲಿ ಪಿನ್ ಇರುವ ಬೋರ್ಡಾದರೆ ಅದರ ಮೇಲಿನ ಕಪ್ಪು ಪ್ಲಾಸ್ಟಿಕ್ ಮುಚ್ಚಳ ಕಡ್ಡಾಯವೆಂದೇ ತಿಳಿಯಿರಿ. ಪಿನ್ ಬಾಗಿದ ಬೋರ್ಡಿಗೆ ವಾರಂಟಿ ಗಿಟ್ಟುವುದು ಕಷ್ಟ. ಮುಚ್ಚಳ ಬೇರೆಯಾಗಿಯೂ ಮಾರಾಟಕ್ಕೆ ಸಿಗುತ್ತದೆ. ಬೋರ್ಡಿನ ಹಿಂಬದಿಯ ಬೆಸುಗೆ ಮುಳ್ಳುಗಳು ಕವರನ್ನು ತೂತು ಮಾಡುವುದರಿಂದ ಬ್ಯಾಗಿನೊಳಗೇ ಬೋರ್ಡಿನ ಕೆಳಗೆ 3ರಿಂದ 5 ಮಿ.ಮೀ. ದಪ್ಪದ ಗುಲಾಬಿ ಫೋಮ್ ಹಾಳೆ ಹಾಕಿ. 305×244 ಮಿ.ಮೀ. ಇರುವ ಎಟಿಎಕ್ಸ್ ಬೋರ್ಡಿಗೆ 14×16 ಇಂಚಿನ ಬ್ಯಾಗ್ ಬೇಕು. ಹೀಟ್‌ಸಿಂಕ್‌ಗಳ ಎತ್ತರವೂ ಅಗಲವನ್ನು ತಿನ್ನುತ್ತದೆ. 170 ಮಿ.ಮೀ. ಚೌಕದ ಐಟಿಎಕ್ಸ್‌ಗೆ 10×12 ಸಾಕು.

ಗ್ರಾಫಿಕ್ಸ್ ಕಾರ್ಡಿನಲ್ಲಿ ಕಿಡಿಗಿಂತ ಅದರದೇ ತೂಕ ಶತ್ರು. ದೊಡ್ಡ ಕಾರ್ಡುಗಳ ಕೂಲರ್ ಒಂದು ಕಿಲೋ ದಾಟುತ್ತದೆ. ಅಷ್ಟು ಭಾರ ತೆಳು ಬೋರ್ಡಿಗೆ ನೇತುಬಿದ್ದಂತೆ ಇರುತ್ತದೆ. ಫೋಮ್ ಕತ್ತರಿಸುವಾಗ ಆಧಾರ ಕೂಲರಿನ ಚೌಕಟ್ಟಿಗೆ ಸಿಗಬೇಕು, ಫ್ಯಾನ್ ರೆಕ್ಕೆಗಳ ಮೇಲೆ ಒತ್ತಡ ಬೀಳಬಾರದು, ಚಿನ್ನದ ಬಣ್ಣದ ಕನೆಕ್ಟರ್ ಅಂಚಿನ ಮೇಲೆ ಕಾರ್ಡು ನಿಲ್ಲಬಾರದು. ಕಂಪ್ಯೂಟರಿನೊಳಗೇ ಸಿಕ್ಕಿಸಿ ಇಡೀ ಕ್ಯಾಬಿನೆಟ್ ಕಳಿಸುವುದಂತೂ ಸ್ಲಾಟ್, ಕಾರ್ಡ್ ಎರಡನ್ನೂ ಕಳೆದುಕೊಳ್ಳುವ ದಾರಿ.

ಹಾರ್ಡ್ ಡಿಸ್ಕಿಗೆ ಶೀಲ್ಡಿಂಗ್ ಬ್ಯಾಗ್ ಬೇಕು, ಆದರೆ ಅದರ ಜೀವ ಉಳಿಸುವುದು ಆರೂ ಬದಿಗೆ 5 ಸೆಂ.ಮೀ. ಇಪಿಇ ಫೋಮ್. ಎರಡು ಡಿಸ್ಕ್ ಕಳಿಸುವಾಗ ನಡುವೆಯೂ ಅಷ್ಟೇ ದಪ್ಪ. ಒಂದಕ್ಕೊಂದು ತಾಗಿದರೆ ಲೋಹಕ್ಕೆ ಲೋಹ ಬಡಿದು ಇದ್ದ ಫೋಮೆಲ್ಲ ವ್ಯರ್ಥ. ಪವರ್ ಸಪ್ಲೈ ಲೋಹದ ಡಬ್ಬದೊಳಗೇ ಇರುತ್ತದೆ, ಅದಕ್ಕೆ ಗಟ್ಟಿ ಡಬ್ಬ ಸಾಕು. ಬಿಡಿ ಲ್ಯಾಪ್‌ಟಾಪ್ ಬ್ಯಾಟರಿಗೆ ಬೇರೆಯೇ ನಿಯಮ: ಲಿಥಿಯಂ ಬ್ಯಾಟರಿ ವಿಮಾನದಲ್ಲಿ ಅಪಾಯಕಾರಿ ಸಾಮಾನಿನ ಪಟ್ಟಿಗೆ ಸೇರುತ್ತದೆ, ಸಾಮಾನ್ಯ ಪಾರ್ಸೆಲ್‌ನಲ್ಲಿ ಬಚ್ಚಿಟ್ಟು ಕಳಿಸಬೇಡಿ.

ಪ್ಯಾಕ್ ಮಾಡುವ ಕೈ

ಕಿಡಿ ಹಾರುವುದು ಹೆಚ್ಚಾಗಿ ಲಾರಿಯಲ್ಲಲ್ಲ, ನಿಮ್ಮ ಮೇಜಿನ ಮೇಲೆ. ನೈಲಾನ್, ಉಣ್ಣೆಯ ಬಟ್ಟೆ ಬದಲಿಸಿ ಹತ್ತಿಯದು ಹಾಕಿಕೊಳ್ಳಿ. ಮೇಜಿನ ಮೇಲಿನ ಪ್ಲಾಸ್ಟಿಕ್ ಹಾಸು ತೆಗೆದು ಬರಿಯ ಮರ ಅಥವಾ ರಟ್ಟಿನ ಮೇಲೆ ಕೆಲಸ ಮಾಡಿ. ಮಣಿಕಟ್ಟಿನ ಪಟ್ಟಿ ಇದ್ದರೆ ಅದರ ಕ್ಲಿಪ್ಪನ್ನು ಕ್ಯಾಬಿನೆಟ್‌ನ ಬಣ್ಣವಿಲ್ಲದ ಲೋಹಕ್ಕೆ ಕಚ್ಚಿಸಿ. ಅದರೊಳಗೆ 10 ಲಕ್ಷ ಓಮ್‌ನ ರೆಸಿಸ್ಟರ್ ಇರುವುದು ನಿಮ್ಮ ರಕ್ಷಣೆಗೆ; ಅದನ್ನು ಬಿಟ್ಟು ಬರಿಯ ತಂತಿ ಕಟ್ಟಿಕೊಳ್ಳಬೇಡಿ. ಪಟ್ಟಿ ಇಲ್ಲದವರು ಭಾಗವನ್ನು ಬಿಚ್ಚುವ ಮೊದಲು ಕ್ಯಾಬಿನೆಟ್ ಲೋಹ ಮುಟ್ಟಿ, ಮುಟ್ಟಿದ ಕೈ ಬಿಡದೆ ಬಿಚ್ಚಿ. ಹಳೆಯ ಮನೆಗಳಲ್ಲಿ ಮೂರನೇ ಪಿನ್‌ಗೆ ನಿಜವಾದ ಅರ್ಥಿಂಗ್ ಇದೆಯೆಂದು ನಂಬಲಾಗದು. ಆದರೂ ನೀವು, ಕ್ಯಾಬಿನೆಟ್, ಬೋರ್ಡ್ ಮೂವರೂ ಒಂದೇ ಮಟ್ಟಕ್ಕೆ ಬಂದರೆ ಅಷ್ಟರ ಮಟ್ಟಿಗೆ ಕಿಡಿಗೆ ಕಾರಣ ಇಲ್ಲ. ಶೀಲ್ಡಿಂಗ್ ಬ್ಯಾಗನ್ನು ಮೊದಲೇ ತೆರೆದು ಪಕ್ಕದಲ್ಲಿಟ್ಟುಕೊಳ್ಳಿ. ಬೋರ್ಡನ್ನು ಅಂಚಿನಿಂದ ಹಿಡಿದು, ಅದನ್ನು ಇಳಿಸುವ ಮೊದಲು ಇನ್ನೊಂದು ಕೈಯಿಂದ ಬ್ಯಾಗನ್ನು ಮುಟ್ಟಿ.

ಟೇಪಿನ ಬಗ್ಗೆ ಒಂದು ಎಚ್ಚರಿಕೆ. ಸುರುಳಿಯಿಂದ ಪ್ಯಾಕಿಂಗ್ ಟೇಪ್ ಚರ್ರನೆ ಎಳೆಯುವಾಗ ಸಾವಿರಾರು ವೋಲ್ಟ್ ಹುಟ್ಟುತ್ತದೆ. ಬೋರ್ಡ್ ಬ್ಯಾಗಿನೊಳಗೆ ಸೇರಿ ಬಾಯಿ ಮುಚ್ಚುವವರೆಗೆ ಟೇಪ್ ಆ ಮೇಜಿನ ಮೇಲೇ ಬೇಡ. ಬಾಯಿ ಮುಚ್ಚಲು ಕಾಗದದ ಲೇಬಲ್ ಬಳಸಿ.

ಡಬ್ಬ ಮತ್ತು ಕೌಂಟರ್

ಒಂದು ಕಿಲೋ ಒಳಗಿನದಕ್ಕೆ 3 ಪ್ಲೈ (ಮೂರು ಪದರದ ರಟ್ಟಿನ) ಡಬ್ಬ ಸಾಕು. ಅದಕ್ಕೆ ಮೇಲ್ಪಟ್ಟು 5 ಪ್ಲೈ. ಗ್ರಾಫಿಕ್ಸ್ ಕಾರ್ಡ್, ಹಾರ್ಡ್ ಡಿಸ್ಕುಗಳಿಗೆ ಡಬ್ಬದೊಳಗೆ ಡಬ್ಬ, ನಡುವೆ ಸುತ್ತಲೂ 5 ಸೆಂ.ಮೀ. ತುಂಬಿಕೆ. ಮುಚ್ಚಿ ಅಲ್ಲಾಡಿಸಿದಾಗ ಏನೂ ಸರಿದಾಡಬಾರದು. ಪ್ಯಾಕಿಂಗ್ ಪರೀಕ್ಷೆಗೆ ಬಳಸುವ ಇಸ್ಟಾ 1ಎ ವಿಧಾನದಲ್ಲಿ 9 ಕಿಲೋ ಒಳಗಿನ ಡಬ್ಬವನ್ನು 76 ಸೆಂ.ಮೀ. ಎತ್ತರದಿಂದ ಹತ್ತು ಸಲ ಬೀಳಿಸುತ್ತಾರೆ: ಒಂದು ಮೂಲೆ, ಮೂರು ಅಂಚು, ಆರು ಮುಖ. ನಿಮ್ಮ ಡಬ್ಬದಲ್ಲಿ ಅದೇ ತೂಕದ ಅಕ್ಕಿ ಕಟ್ಟಿಟ್ಟು ಊಟದ ಮೇಜಿನಿಂದ ಹಾಗೆ ಬೀಳಿಸಿ ನೋಡಬಹುದು. ಮೂಲೆ ಕುಸಿದು ಗಂಟು ಡಬ್ಬದ ಗೋಡೆಗೆ ತಾಗಿದ್ದರೆ ಫೋಮ್ ಸಾಲದು.

ಮಳೆಗಾಲದಲ್ಲಿ ಶೀಲ್ಡಿಂಗ್ ಬ್ಯಾಗಿನೊಳಗೆ ಸಿಲಿಕಾ ಜೆಲ್ ಪೊಟ್ಟಣ ಹಾಕುವ ರೂಢಿಯಿಂದ ಲಾಭ ಕಡಿಮೆ, ಮಡಿಸಿದ ಬಾಯಿ ತೇವವನ್ನು ತಡೆಯುವುದಿಲ್ಲ. ಒಳಡಬ್ಬಕ್ಕೆ ದಪ್ಪ ಪಾಲಿಥೀನ್ ಚೀಲ ಹಾಕಿ ಟೇಪ್ ಸುತ್ತುವುದು ಮೇಲು. ಚೀಲ ಡಬ್ಬದ ಹೊರಗಿರುವುದರಿಂದ ಅದರ ಸ್ಟ್ಯಾಟಿಕ್ ಒಳಗಿನದಕ್ಕೆ ಮುಟ್ಟದು.

ಕೊರಿಯರ್‌ನವರು ತೂಕದ ಜೊತೆ ಗಾತ್ರವನ್ನೂ ಲೆಕ್ಕ ಹಾಕುತ್ತಾರೆ: ಉದ್ದ, ಅಗಲ, ಎತ್ತರವನ್ನು ಸೆಂ.ಮೀ.ನಲ್ಲಿ ಗುಣಿಸಿ ಸಾಮಾನ್ಯವಾಗಿ 5,000ದಿಂದ ಭಾಗಿಸಿದರೆ ಬರುವ ಕಿಲೋ, ನಿಜ ತೂಕ, ಎರಡರಲ್ಲಿ ಹೆಚ್ಚಿನದಕ್ಕೆ ದರ. 45×30×25ರ ಡಬ್ಬ 6.75 ಕಿಲೋ ಲೆಕ್ಕಕ್ಕೆ ಬರುತ್ತದೆ, ಒಳಗೆ ಎರಡು ಕಿಲೋ ಕಾರ್ಡ್ ಇದ್ದರೂ. ಫೋಮ್ ಕಡಿಮೆ ಮಾಡಿ ಇಲ್ಲಿ ಉಳಿಸಲು ಹೋಗಬೇಡಿ. ಅಂಚೆಯಲ್ಲಿ ರಿಜಿಸ್ಟರ್ಡ್ ಪೋಸ್ಟ್ 2025ರಲ್ಲಿ ಸ್ಪೀಡ್ ಪೋಸ್ಟ್ ಜೊತೆ ಸೇರಿಹೋಗಿದೆ. ಸ್ಪೀಡ್ ಪೋಸ್ಟ್‌ನಲ್ಲಿ 35 ಕಿಲೋವರೆಗೆ ತೆಗೆದುಕೊಳ್ಳುತ್ತಾರೆ, ವಿಮೆ ಬೇಕಾದರೆ ಕೌಂಟರಿನಲ್ಲಿ ಬಾಯಿಬಿಟ್ಟು ಕೇಳಬೇಕು.

ಮುಚ್ಚುವ ಮೊದಲು ಸೀರಿಯಲ್ ನಂಬರ್, ಸಾಕೆಟ್ ಪಿನ್‌ಗಳು, ಕನೆಕ್ಟರ್ ಅಂಚು ಇಷ್ಟರ ಫೋಟೋ ತೆಗೆದಿಡಿ. ಒಳಡಬ್ಬದ ಮೇಲೆ, ಬಿಚ್ಚುವವರಿಗೆ ಮೊದಲು ಕಣ್ಣಿಗೆ ಬೀಳುವ ಜಾಗದಲ್ಲಿ, ಒಂದು ಚೀಟಿ ಅಂಟಿಸಿ: ‘ಬಬಲ್, ಫೋಮ್, ಟೇಪ್ ಎಲ್ಲ ದೂರ ಸರಿಸಿ, ಲೋಹ ಮುಟ್ಟಿ, ಆಮೇಲೆ ಬೆಳ್ಳಿ ಕವರ್ ತೆರೆಯಿರಿ. ಕವರಿನ ಮೇಲೆ ಬೋರ್ಡ್ ಇಟ್ಟು ಆನ್ ಮಾಡಬೇಡಿ.’